ತುಂಗಾಳ ಹೆಸರಿನಲ್ಲೊಂದು ಫಾಳೋ

ಗುಜರಾತಿಗಳು ವಂತಿಗೆಗೆ ಫಾಳೋ ಅನ್ನುತ್ತಾರೆ. ಅಹಮದಾಬಾದಿನಲ್ಲಿ ಹಕ್ಕಿಗೆ ಕಾಳು ಹಾಕುವ ಚಬೂತರಕ್ಕೂ ಫಾಳೋ, ಪಾಂಜರಾಪೋಳದ ಮುದಿ ಹಸುಗಳಿಗೂ ಫಾಳೋ, ನವರಾತ್ರಿಯ ಗರಬಾಕ್ಕೂ ಫಾಳೋ. ಆದ್ದರಿಂದ ವಸ್ತ್ರಾಪುರ ಕೆರೆಯ ಪಕ್ಕದ ನಮ್ಮ ಸೊಸೈಟಿಗೆ ಕಳ್ಳ ನುಗ್ಗಿದಾಗ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಕೂಡಿದ ಸಭೆಯಲ್ಲಿ ಫಾಳೋ ಮಾತು ಬಂದದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ, ಅದು ನಾಯಿಗಾಗಿ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದಿದ್ದ ಕಾಕಾ ಒಬ್ಬರು ಎದ್ದು ನಿಂತರು. ಅಲ್ಲಿ ಸಣ್ಣ ಊರಿನವರು ತಿಂಡಿ ಮಾರಿ ದುಡ್ಡು ಕೂಡಿಸಿ ತಮ್ಮ ಪೊಲೀಸರಿಗೆ ನಾಯಿ ಕೊಡಿಸುತ್ತಾರಂತೆ. ‘ನಮ್ಮ ಠಾಣೆಗೆ ನಾವೇ ಯಾಕೆ ಕೊಡಿಸಬಾರದು?’

ಖಜಾಂಚಿಗೆ ತೆರಿಗೆಯ 80ಜಿ ವಿನಾಯಿತಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಎರಡನೇ ಮಹಡಿಯ ಬೆನ್ ಕೇಳಿದ್ದು ಒಂದೇ: ‘ನಾಯಿ ವೆಜ್ಜಾ?’ ಖಿಚಡಿ ತಿಂದರೂ ಮೂಗು ಕೆಲಸ ಮಾಡುತ್ತದೆ ಎಂದು ಯಾರೋ ಸಮಾಧಾನ ಹೇಳಿದರು.

ಇಷ್ಟು ವರ್ಷ ಸಭೆಗಳಲ್ಲಿ ಚಹಾ ಕುಡಿದು ಎದ್ದು ಬರುತ್ತಿದ್ದ ನನಗೆ ಅಂದು ನಾಲಿಗೆ ತುರಿಸಿತು. ನಮ್ಮ ದಾವಣಗೆರೆ ಶ್ವಾನದಳದ ತುಂಗಾಳ ಕಥೆ ಶುರುಮಾಡಿದೆ. ಡಾಬರ್‌ಮನ್ ಹೆಣ್ಣು. ಐವತ್ತಕ್ಕೂ ಹೆಚ್ಚು ಕೊಲೆ ಪ್ರಕರಣಗಳಲ್ಲಿ ಪೊಲೀಸರಿಗೆ ದಾರಿ ತೋರಿಸಿದವಳು. 2020ರ ಜುಲೈಯಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಹೆಣದ ಹತ್ತಿರ ಹಿಡಿದ ವಾಸನೆಯ ಜಾಡಿನಲ್ಲಿ ಹನ್ನೆರಡು ಕಿಲೋಮೀಟರ್ ಓಡಿ ಆರೋಪಿಯ ನಂಟರ ಮನೆ ಮುಂದೆ ನಿಂತವಳು. ‘ಎಲ್ಲಿಂದ ಓಡಿದ್ದು?’ ಅಂದರು. ಸೂಳೆಕೆರೆ ಎನ್ನುವ ಹೆಸರನ್ನು ಆ ಸಭೆಯಲ್ಲಿ ಬಿಡಿಸಿ ಹೇಳಲಾಗದೆ, ಕೆರೆಯ ಇನ್ನೊಂದು ಹೆಸರು ಶಾಂತಿಸಾಗರ ಅಂದೆ. ಯಾವುದೋ ಮುನಿಗಳ ಹೆಸರೆಂದು ಎದುರಿಗಿದ್ದ ಜೈನ ಅಜ್ಜಿ ಕೈಮುಗಿದರು. ಫಾಳೋ ಅಲ್ಲೇ ಪಾಸಾಯಿತು.

ಮನೆಗೆ ಬಂದ ಮೇಲೂ ನನ್ನ ಕಿವಿಯಲ್ಲಿ ತುಂಗಾ, ಚನ್ನಗಿರಿ, ಜುಲೈ ಮಳೆ. ಪಕ್ಕದವರಿಗೆ ನಾನು ಇಂದಿಗೂ ‘ಮದರಾಸಿ ಭಾಯ್’. ನಮ್ಮೂರ ಕಡೆಯ ಮಾತನ್ನು ಇಷ್ಟು ಹೊತ್ತು ಅವರು ಕೂತು ಕೇಳಿದ್ದು ಒಂದು ನಾಯಿಯ ದೆಸೆಯಿಂದ.

ಆದರೆ ನಾಯಿ ಬರಲಿಲ್ಲ. ನಮ್ಮಲ್ಲಿ ಪೊಲೀಸ್ ನಾಯಿ ಸರ್ಕಾರದ ಖರ್ಚಿನದು. ಠಾಣೆಗೆ ಒಂದೊಂದು ನಾಯಿ ಎಂಬ ಲೆಕ್ಕವೂ ಇಲ್ಲ. ಅದಿರಲಿ, ಫಾಳೋ ಎತ್ತಿದರೆ ಸಿಗುವುದು ಮರಿ. ಮುಂಜಾನೆ ಎದ್ದು ಅದರ ಮೈ ಉಜ್ಜಿ, ಹೊತ್ತಿಗೆ ಸರಿಯಾಗಿ ಊಟ ಹಾಕಿ, ತಿಂಗಳುಗಟ್ಟಲೆ ತರಬೇತಿಯಲ್ಲಿ ತಾನೂ ಅದರೊಂದಿಗೆ ಕಲಿತು, ಅದು ಹಗ್ಗ ಜಗ್ಗಿದಾಗ ಕತ್ತಲಲ್ಲಿ ಹಿಂದೆ ಓಡುವ ಹ್ಯಾಂಡ್ಲರ್ ಯಾವ ಫಾಳೋಕ್ಕೂ ಸಿಗುವವನಲ್ಲ. ತುಂಗಾಳ ಹನ್ನೆರಡು ಕಿಲೋಮೀಟರನ್ನು ಎಲ್ಲ ಪತ್ರಿಕೆಗಳೂ ಹೊಗಳಿದವು. ಅವಳ ಹಿಂದೆ ಬೂಟು ಹಾಕಿಕೊಂಡು ಓಡಿದವರ ಏದುಸಿರನ್ನು ಯಾರು ಅಳೆದರು?

ನಾಯಿಗಾಗಿ ಊರೇ ಕೈಜೋಡಿಸುವುದು ಈ ಸೀಮೆಗೆ ಹೊಸದೂ ಅಲ್ಲ. ಮೆಹಸಾಣಾ ಬಳಿಯ ಪಾಂಚೋಟ್ ಗ್ರಾಮದಲ್ಲಿ ಹಿಂದಿನವರು ಬೀದಿನಾಯಿಗಳಿಗೆಂದು ಹೊಲವನ್ನೇ ಬಿಟ್ಟುಕೊಟ್ಟಿದ್ದಾರೆ. ಊರಿನ ಟ್ರಸ್ಟೊಂದು ಅದರ ಆದಾಯದಲ್ಲಿ ರೊಟ್ಟಿ ಸುಡಿಸಿ ಹಾಕುತ್ತದೆ. ಬೈಪಾಸ್ ಬಂದ ಮೇಲೆ ಆ ಹೊಲಕ್ಕೆ ಕೋಟಿಗಟ್ಟಲೆ ಬೆಲೆ. ಪಾಂಚೋಟಿನ ಕಂತ್ರಿ ನಾಯಿಗಿರುವ ಆಸ್ತಿ ನನಗಿಲ್ಲ.

ನಮ್ಮ ಸೊಸೈಟಿಯ ದುಡ್ಡು ಉತ್ತರಾಯಣದಂದು ಬೀದಿನಾಯಿಗಳಿಗೆ ಲಾಡು ಆಯಿತು. ಕೆರೆ ದಂಡೆಯ ಕಂದು ನಾಯಿಯೊಂದು ಲಾಡು ಮೂಸಿ, ನನ್ನ ಮುಖ ನೋಡಿ, ಅರ್ಧ ತಿಂದು ಹೋಯಿತು. ಪತ್ತೇದಾರಿಕೆಯ ಲಕ್ಷಣ ಏನೂ ಕಾಣಲಿಲ್ಲ.

ತುಂಗಾ 2022ರಲ್ಲಿ ತೀರಿಕೊಂಡಳು. 2024ರ ಜುಲೈಯಲ್ಲಿ ತುಂಗಾ-2 ಅದೇ ಚನ್ನಗಿರಿ ತಾಲ್ಲೂಕಿನಲ್ಲಿ ರಾತ್ರಿ ಮಳೆಯಲ್ಲಿ ಎಂಟು ಕಿಲೋಮೀಟರ್ ಓಡಿ, ಸಾಯುವುದರಲ್ಲಿದ್ದ ಹೆಂಗಸೊಬ್ಬಳ ಜೀವ ಉಳಿಸಿತು. ಎಂಟು ಹತ್ತು ವರ್ಷ ಹೀಗೆ ಓಡಿದ ಮೇಲೆ ಈ ನಾಯಿಗಳೂ ನಿವೃತ್ತಿಯಾಗುತ್ತವೆ, ಕೀಲು ನೋಯುತ್ತದೆ, ಕಣ್ಣು ಮಂಜಾಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ಅಂಥದ್ದೊಂದಿದ್ದರೆ ಹೋಗಿ ವಿಚಾರಿಸಿ, ಬೇಕಿದ್ದರೆ ಫಾಳೋ ಎತ್ತಿ. ನನ್ನ ಹೆಸರು ಮೊದಲು ಬರೆದುಕೊಳ್ಳಿ.