ಹಗ್ಗ ಹಿಡಿದವರ ಪಾಲು: ಕೆಲವು ಟಿಪ್ಪಣಿಗಳು

ಮರವಂತೆ, ಬೈಂದೂರು ತಾಲೂಕು
ದೋಣಿ ಕಡಲಲ್ಲಿ ಅರ್ಧ ಸುತ್ತು ಬಂದು ಬಲೆ ಬಿಟ್ಟು ದಡ ಸೇರುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆಯುತ್ತಾರೆ. ಇದು ಕೈರಂಪಣಿ. ಬಲೆಯವರಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಪಾಲಾಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದವರು ಕೈ ಜೋಡಿಸಿದ್ದರೆ ಅವರಿಗೂ ಒಂದಷ್ಟು ಬಂಗುಡೆ. ಯಾಕೆಂದು ಕೇಳಿದರೆ, “ಹಗ್ಗ ಹಿಡ್ದರಿಗೆ ಮೀನ್ ಕೊಡ್ದೆ ಕಳ್ಸುದ್ ಹ್ಯಾಂಗೆ?” ಇದು ಕೂಲಿಯೂ ಅಲ್ಲ, ದಾನವೂ ಅಲ್ಲ. ಹಾಗಾದರೆ ಏನು?

ಗಂಗೊಳ್ಳಿ ಬಂದರು
1970ರ ದಶಕದ ನಡುವಿನಲ್ಲಿ ಈ ಕರಾವಳಿಗೆ ಪರ್ಸೀನ್ ಬೋಟು ಬಂತು. ದಡಕ್ಕೆ ಬರುವ ಮೊದಲೇ ಮೀನು ಕಡಲಲ್ಲೇ ಬಲೆಗೆ ಬಿತ್ತು. ಹತ್ತಾರು ಜನ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಮೂಲೆ ಸೇರಿತು. ಆದರೂ ಬೋಟಿನವರಿಗೆ ಇಂದಿಗೂ ಪಾಲೇ ಸಲ್ಲುತ್ತದೆ. ಅಂದರೆ ಪಾಲು ಹೋಗಿಲ್ಲ, ಪಾಲುದಾರರ ಪಟ್ಟಿ ಕಿರಿದಾಗಿದೆ. ದಡದಲ್ಲಿ ನಿಂತವರ ಹೆಸರು ಅದರಲ್ಲಿಲ್ಲ.

ಮಂದಾರ್ತಿ, ಬ್ರಹ್ಮಾವರ ತಾಲೂಕು
ದುರ್ಗಾಪರಮೇಶ್ವರಿಯ ಐದು ಯಕ್ಷಗಾನ ಮೇಳಗಳಿದ್ದರೂ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ಆಟ ಆಡಿಸುವವರಲ್ಲಿ ಬೆಂಗಳೂರು, ಮುಂಬಯಿಯ ಹೋಟೆಲಿನವರು ಎಷ್ಟೋ ಮಂದಿ. ಪೇಟೆಯಲ್ಲಿ ಒಂದೊಂದು ಲೋಟ ಕಾಫಿಗೂ ಬಿಲ್ಲು ಹಾಕಿ ಗಳಿಸಿದ ಹಣ, ಊರಿನ ಗದ್ದೆಯಲ್ಲಿ ಟಿಕೆಟ್ಟಿಲ್ಲದ ಆಟವಾಗುತ್ತದೆ. ಯಾರು ಬೇಕಾದರೂ ಬಂದು ಕೂರಬಹುದು. ಹೊರಗಿನ ಪೇಟೆಯೇ ಊರಿನ ಕೊಡುಕೊಳ್ಳುವಿಕೆಯನ್ನು ಕೊಲ್ಲುತ್ತದೆ ಎಂದು ಬರೆದುಕೊಂಡಿದ್ದರ ಮುಂದೆ ಈಗ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಕುಂದಾಪುರ, ರಾತ್ರಿ
ಆರ್ಥಿಕ ಇತಿಹಾಸಕಾರ ಕಾರ್ಲ್ ಪೊಲಾನಿ 1944ರ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್’ನಲ್ಲಿ ಹೇಳುವುದು ಇದು: ಹಿಂದೆ ವ್ಯಾಪಾರ ಸಮಾಜದ ಕಟ್ಟುಪಾಡಿನೊಳಗಿತ್ತು; ಅದನ್ನು ಕಿತ್ತು ಹೊರಗಿಟ್ಟಾಗ ಸಮಾಜ ತನ್ನನ್ನು ಕಾಪಾಡಿಕೊಳ್ಳಲು ಎದ್ದು ನಿಲ್ಲುತ್ತದೆ. ಹರಕೆ ಆಟದಲ್ಲಿ ಆ ಕಟ್ಟುಪಾಡು ಹೊರಗಿನ ಹಣವನ್ನೂ ಒಳಗೆಳೆದುಕೊಂಡಿದೆ. ಬಂದರಿನಲ್ಲಿ ಅದು ಸೋತಿದೆ. ಹೀಗಾಗಿ ಹಣ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಅದು ಬಂದ ಮೇಲೆ ಯಾರು ಹೊರಗುಳಿದರು ಎನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಮರುದಿನ, ಬಂದರಿನಲ್ಲಿ ಏಲಂ ಹೊತ್ತು
ಲಾರಿಯವರು ರಾಶಿಗಟ್ಟಲೆ ಮೀನಿಗೆ ಕೂಗುತ್ತಾರೆ. ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುವ ಹೆಂಗಸರು ಅವರೆದುರೇ ಕೂಗಬೇಕು. ಬೋಟಿಗೆ ಡೀಸೆಲ್ ತೆರಿಗೆಯಲ್ಲಿ ರಿಯಾಯಿತಿ ಇದೆ. ಬುಟ್ಟಿಗೆ ಏನಿದೆ? ಮೀನುಗಾರಿಕೆಯ ಅಭಿವೃದ್ಧಿಯ ಲೆಕ್ಕ ಬರೆಯುವವರು ಈ ಹೆಂಗಸರನ್ನು ಮೊದಲು ಮಾತಾಡಿಸಬೇಕು.