ಎಡಗಣ್ಣಿನ ಪೊರೆ

ಮಳೆಗಾಲ ಮುಗಿಯುವಷ್ಟರಲ್ಲಿ ನಿವೃತ್ತ ಮೇಷ್ಟ್ರ ಹಳೇ ಕಾರಿನ ಎಡಗಣ್ಣು ಮಂಜಾಗಿತ್ತು. ಹೆಡ್‌ಲೈಟಿನೊಳಗೆಲ್ಲ ನೀರ ಹನಿ. ಒಂದು ರಾತ್ರಿ ಸೈಕಲ್ಲಿನ ಹುಡುಗನೊಬ್ಬ ಕೂದಲೆಳೆಯಲ್ಲಿ ಪಾರಾಗಿದ್ದ, ಮನೆಯಲ್ಲಿ ಹೇಳಿರಲಿಲ್ಲ. "ಇಡೀ ಸೆಟ್ಟೇ ಬದಲಾಯಿಸಿ ಸಾರ್" ಎಂದ ಗ್ಯಾರೇಜಿನವನು. ಬೆಲೆ ಕೇಳಿ ಮೇಷ್ಟ್ರು ತಾವೇ ಕೈಹಚ್ಚಿದರು.

ದೀಪ ಕಳಚಿ, ಬಲ್ಬು, ಸ್ಕ್ರೂ ಎಲ್ಲ ತೆಗೆದು, ಕೈಗೆ ದಪ್ಪ ಗವಸು ತೊಟ್ಟರು. ಮುಂದಿನ ಪಾಲಿಕಾರ್ಬೊನೇಟ್ ಕವಚ ಮೆತ್ತಗಾಗುವುದು ಸುಮಾರು 147 ಡಿಗ್ರಿ ಸೆಲ್ಸಿಯಸ್‌ಗೆ. ಬ್ಯುಟೈಲ್ ಅಂಟು ಅದಕ್ಕೆ ಬಹಳ ಮೊದಲೇ ಸಡಿಲವಾಗುತ್ತದೆ. ಆ ಅಂತರದಲ್ಲೇ ಕೆಲಸ ಮುಗಿಯಬೇಕು. ಮಗಳ ಹೇರ್ ಡ್ರೈಯರನ್ನು ಒಂದೆಡೆ ನಿಲ್ಲಿಸದೆ ಅಂಚಿನುದ್ದಕ್ಕೂ ಆಡಿಸಿದರು. ಅವಸರದಲ್ಲಿ ಮೀಟಿದಾಗ ಅಂಚು ಚಟ್ಟೆಂದಿತು.

"ಪಾಕ ಬರೋಕ್ಮುಂಚೆ ಇಳಿಸಿದ್ರೆ ಮೈಸೂರುಪಾಕು ಆಗತ್ತಾ? ಸ್ವಲ್ಪ ತಾಳ್ರೀ" ಎಂದರು ಹೆಂಡತಿ.

ತಾಳಿದರು. ಅಂಟು ಹಲಸಿನ ಮೇಣದಂತೆ ಎಳೆಎಳೆಯಾಗಿ ಬಿಟ್ಟುಕೊಂಡಿತು. ಒಳಗಿನ ಕನ್ನಡಿಯನ್ನು ಒರೆಸಹೋದವರು ಕೈ ಹಿಂದೆಗೆದರು. ಆ ತೆಳು ಲೇಪನ ಎದ್ದರೆ ದೀಪವೇ ದಂಡ. ನೆರಳಲ್ಲಿ ಒಣಗಿಸಿ, ಹಳೇ ಅಂಟು ಕೆರೆದು, ಹೊಸತು ಹಾಕಿ ಒತ್ತಿ ಮುಚ್ಚಿದರು.

ರಾತ್ರಿ ಗೋಡೆಯ ಮೇಲೆ ಎರಡೂ ಬೆಳಕು ಒಂದೇ ಸಮ ಬಿದ್ದವು. ಆಗ ಹುಡುಗನ ವಿಷಯ ಬಾಯಿಬಿಟ್ಟರು. ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ.

"ಕಾರಿನ ಕಣ್ಣು ಸರಿಹೋಯ್ತು. ನಾಳೆ ನಿಮ್ಮ ಕಣ್ಣೂ ತೋರಿಸ್ಕೊಂಡು ಬರೋಣ."