ಸಸ್ಪೆನ್ಷನ್ ಸದ್ದಿಗೆ ಯಾವ ಸ್ಪ್ರೇ?

ಹಂಪ್ ದಾಟುವಾಗ ಕಾರಿನಡಿ ಕೇಳುವ ಕಿರ್ ಕಿರ್ ಸದ್ದು ಬಹಳ ಸಲ ಒಣಗಿದ ರಬ್ಬರ್ ಬುಷ್‌ನದು. ಮೊದಲು ನೋಡಬೇಕಾದದ್ದು ಸ್ಟೆಬಿಲೈಸರ್ ಬಾರ್ ಹಿಡಿದಿರುವ ಬುಷ್. ಅಲ್ಲಿನ ಕೆಸರು ತೊಳೆದು, ಒರೆಸಿ, ಬಾರಿಗೂ ರಬ್ಬರಿಗೂ ನಡುವಿನ ಸಂದಿಗೆ ಸಿಲಿಕೋನ್ ಸ್ಪ್ರೇ ಹೊಡೆದು ಕಾರನ್ನು ಮೇಲಿನಿಂದ ಅದುಮಬೇಕು. ಸದ್ದು ನಿಂತರೆ ಜಾಗ ಸಿಕ್ಕಿತು. ಆದರೆ ಬುಷ್ ಬಿರುಕು ಬಿಟ್ಟಿದ್ದರೆ ಸದ್ದು ಮತ್ತೆ ಶುರುವಾಗುತ್ತದೆ. ಎಲ್ಲೆಡೆ ಸಿಗುವ ಡಬ್ಲ್ಯೂಡಿ-40 ಈ ಕೆಲಸಕ್ಕೆ ತಕ್ಕದ್ದಲ್ಲ. 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದು ತೇವ ಹೊರದೂಡಿ ತುಕ್ಕು ತಡೆಯಲು. ಅದರಲ್ಲಿರುವ ಪೆಟ್ರೋಲಿಯಂ ಎಣ್ಣೆಗೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸದ್ದು ಬಾಲ್ ಜಾಯಿಂಟ್‌ನದಾಗಿದ್ದರೆ, ಅದರ ಗ್ರೀಸ್ ರಬ್ಬರ್ ಬೂಟ್‌ನೊಳಗೆ ಇರುವುದರಿಂದ ಹೊರಗಿನ ಸ್ಪ್ರೇ ಅಲ್ಲಿಗೆ ತಲುಪದು. ಬೂಟ್ ಹರಿದು ಜಾಯಿಂಟ್ ಸಡಿಲವಾಗಿದ್ದರೆ ಬದಲಿಸಲೇಬೇಕು. ಅದು ಕಳಚಿದರೆ ಚಕ್ರವೇ ಮಗುಚುತ್ತದೆ. ಸ್ಪ್ರೇ ಹೊಡೆಯುವಾಗ ಬ್ರೇಕ್ ಡಿಸ್ಕನ್ನು ಬಟ್ಟೆಯಿಂದ ಮುಚ್ಚಿಡುವುದು ಕಡ್ಡಾಯ.